ಕರೋಕೆಗೆ ಅಕ್ಷರದ ಚೀಟಿ: ‘ಳ’ ಬಂದವರು ಏನು ಹಾಡಬೇಕು?

ಮೂರನೇ_ಮಹಡಿ
ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ನವೆಂಬರ್ 1ಕ್ಕೆ ಕರೋಕೆ ಸಂಜೆ, ಅಂದರೆ ಆಪ್‌ನಲ್ಲಿ ಬರೀ ಸಂಗೀತ ಹಾಕಿಕೊಂಡು ನಾವೇ ಹಾಡುವುದು. ಬಾವುಟ, ಬಿಸಿಬೇಳೆಬಾತ್, ಆಮೇಲೆ ಮೈಕ್. ಮೊದಲೆಲ್ಲ ಯಾರಿಗೆ ಯಾವ ಹಾಡು ಬೇಕೋ ಅದು ಅಂತಿದ್ದೆವು. ಒಂದು ವರ್ಷ ‘ಅನಿಸುತಿದೆ ಯಾಕೋ ಇಂದು’ ಒಂದೇ ಸಂಜೆ ನಾಲ್ಕು ಸಲ ಬಂತು. ನಾಲ್ಕನೆಯವರು ಮೈಕ್ ಹಿಡಿದಾಗ ಅರ್ಧ ಸಭೆ ಕಾಫಿಗೆ ಎದ್ದು ಹೋಗಿತ್ತು.

ಅದಕ್ಕೆ ಹೋದ ವರ್ಷ ಚೀಟಿ ಎತ್ತುವ ಆಟ ತಂದೆ. ಚೀಟಿಯಲ್ಲಿ ಯಾವ ಅಕ್ಷರವೋ ಆ ಅಕ್ಷರದ ಹಾಡು. ಆಪ್‌ನಲ್ಲಿ ಹಾಡಿನ ಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದಲ್ಲ, ಚೀಟಿಯನ್ನೂ ಇಂಗ್ಲಿಷ್‌ನಲ್ಲೇ ಬರೆದೆ. ದೊಡ್ಡ ತಪ್ಪು. ಎಕ್ಸ್ ಬಂದವರು ಸುಮ್ನೆ ಕೂತರು. ಕ್ಯೂ ಬಂದವರು ಊಟದ ಕ್ಯೂಗೆ ಹೋದರು. ‘ಜೆ’ ಬಂದ ಆಂಟಿ ಒಬ್ಬರು ‘ಜೋಗದ ಸಿರಿ ಬೆಳಕಿನಲ್ಲಿ’ ಅಂತ ಶುರು ಮಾಡಿದರು. ಪಟ್ಟಿಯಲ್ಲಿ ಅದು ‘ನಿತ್ಯೋತ್ಸವ’ ಅಂತ ‘ಎನ್’ ಕೆಳಗಿದೆ, ನಡೆಯಲ್ಲ ಅಂದರು ತೀರ್ಪುಗಾರರು. ಆಂಟಿ ಅವತ್ತು ರಾತ್ರಿಯೇ ವಾಟ್ಸಾಪ್ ಗುಂಪು ಬಿಟ್ಟರು. ಇನ್ನೂ ವಾಪಸ್ ಬಂದಿಲ್ಲ.

ಈ ಸಲ ಕನ್ನಡ ಅಕ್ಷರ ಅಂತ ನಿರ್ಧಾರ ಆಗಿದೆ. 49 ಚೀಟಿ ಕತ್ತರಿಸಿ ಇಟ್ಟಿದ್ದೇನೆ. ಈಗ ಯಾವುದನ್ನು ತೆಗೆಯಲಿ, ಯಾವುದನ್ನು ಬಿಡಲಿ? ಹಾಡಿನ ಹೆಸರು ಮುಖ್ಯವಾ, ಮೊದಲ ಸಾಲು ಮುಖ್ಯವಾ?

ತಾಳತಪ್ಪಿದವ
ಙ, ಞ, ಣ, ಳ ಮೊದಲು ಕಸದ ಬುಟ್ಟಿಗೆ ಹಾಕಿ. ಈ ನಾಲ್ಕರಿಂದ ಕನ್ನಡದಲ್ಲಿ ಪದವೇ ಶುರುವಾಗಲ್ಲ, ಹಾಡು ಎಲ್ಲಿಂದ ಬರಬೇಕು.

ಹಳೇಹಾಡು_ಮಾತ್ರ
ಮೊದಲ ಸಾಲೇ ಮುಖ್ಯ. ನಮ್ಮಲ್ಲಿ ಹಾಡಿಗೆ ಬೇರೆ ಹೆಸರು ಇಡುವ ಅಭ್ಯಾಸ ಎಲ್ಲಿತ್ತು? ರೇಡಿಯೋದಲ್ಲೂ ಪಲ್ಲವಿಯ ಮೊದಲ ಮಾತನ್ನೇ ಹೇಳುತ್ತಿದ್ದರು. ಕವಿತೆಗೆ ಮಾತ್ರ ಬೇರೆ ಶೀರ್ಷಿಕೆ ಇರುತ್ತದೆ. ನಿಸಾರ್ ಅಹಮದ್ ಪದ್ಯಕ್ಕೆ ಇಟ್ಟ ಹೆಸರು ‘ನಿತ್ಯೋತ್ಸವ’, ಜನರ ಬಾಯಲ್ಲಿ ಅದು ‘ಜೋಗದ ಸಿರಿ’. ಎರಡೂ ಸರಿ. ಆಂಟಿಗೆ ಅನ್ಯಾಯ ಆಗಿದೆ. ಗುಂಪಿಗೆ ವಾಪಸ್ ಸೇರಿಸಿ, ಕ್ಷಮೆ ಕೇಳಿ.

ಮೂರನೇ_ಮಹಡಿ
ಕೇಳಿದೆ. ‘ಸಮಿತಿ ಬರವಣಿಗೆಯಲ್ಲಿ ಕೊಡಲಿ’ ಅಂದರು.

ಧಾರವಾಡ_ಫೇಡೆ
ಇಂಗ್ಲಿಷ್ ಪಟ್ಟಿಯ ರಗಳೆ ನಮಗೂ ಗೊತ್ತುರೀ. ‘ಎಲ್ಲೋ’ ಅನ್ನೋದನ್ನ ಒಬ್ಬರು ‘ಇ’ಯಿಂದ ಬರೀತಾರೆ, ಇನ್ನೊಬ್ಬರು ‘ವೈ’ಯಿಂದ. ನಾವು ಹೇಳೋದೇ ‘ಯೆಲ್ಲೋ’ ಅಂತ ಅಲ್ರೀ. ‘ಈ’ ಹುಡುಕಬೇಕು ಅಂದ್ರೆ ‘ಐ’ ಕೆಳಗಲ್ಲ, ‘ಇ’ ಎರಡು ಸಲ ಹೊಡೀಬೇಕು. ‘ಟಿ’ ಕೆಳಗೆ ಟ, ತ, ಥ ಮೂರೂ ಒಂದೇ ಕೋಣೆಯಲ್ಲಿ. ಒಮ್ಮೆ ‘ಟಗರು ಬಂತು ಟಗರು’ ಹುಡುಕಲಿಕ್ಕೆ ಹೋಗಿ ‘ಥೈ ಥೈ ಥೈ ಥೈ ಬಂಗಾರಿ’ ಒತ್ತಿಬಿಟ್ಟೆ. 2018ರ ಮೂಡಿನಲ್ಲಿ ನಿಂತವನಿಗೆ 1977ರ ‘ಗಿರಿಕನ್ಯೆ’ ಸಂಗೀತ ಶುರುವಾಯ್ತು. ಬಿಡಲಿಲ್ಲ, ಹಾಡಿದೆ. ಅಜ್ಜಿಯಂದಿರೆಲ್ಲ ಎದ್ದು ಕುಣಿದರು.

ಮಂಡ್ಯದ್_ಗಂಡು
ನಮ್ ಕಡೆ ಅ ಮತ್ತು ಹ ಒಂದೇ ಚೀಟಿಯಲ್ಲಿ ಬರೀರಿ ಸಾಮಿ. ನಮ್ಮಪ್ಪ ‘ಹಾವಿನ ದ್ವೇಷ’ ಹಾಡಿದರೆ ‘ಆವಿನ ದ್ವೇಷ’ ಆಗುತ್ತೆ. ಹಸು ಯಾಕೆ ಹನ್ನೆರಡು ವರ್ಷ ದ್ವೇಷ ಸಾಧಿಸುತ್ತೋ ಪಾಪ.

ತಾಳತಪ್ಪಿದವ
😂😂 ಕಾಫಿ ಮೂಗಿಗೆ ಹೋಯ್ತು

ಸ್ವರ_ಸವಾರಿ
ನಾನು ಸುಗಮ ಸಂಗೀತ ಹೇಳಿಕೊಡುತ್ತೇನೆ. ಅಕ್ಷರ ನೋಡಿ ಹಾಡು ಆರಿಸುವುದು ತಮಾಷೆಗೆ ಸರಿ, ಆದರೆ ಅಕ್ಷರಕ್ಕೂ ಗಂಟಲಿಗೂ ನಿಜವಾಗಿಯೂ ಸಂಬಂಧ ಇದೆ. ಅ, ಆ ಬಂದವರು ಪುಣ್ಯವಂತರು. ಬಾಯಿ ತಾನಾಗಿ ತೆರೆಯುತ್ತದೆ, ಉಸಿರು ಸಲೀಸು. ಅದೇ ಈ, ಊ ಮೇಲಿನ ಸ್ವರದಲ್ಲಿ ಬಂದರೆ ಹೊಸಬರ ಗಂಟಲು ಬಿಗಿಯುತ್ತದೆ. ಪ, ಬ, ಭ ಬಂದವರು ಮೈಕನ್ನು ತುಟಿಯ ಎದುರಿಗೇ ಹಿಡಿಯಬೇಡಿ. ತುಟಿ ಬಿಚ್ಚುವಾಗ ನುಗ್ಗುವ ಗಾಳಿ ನೇರ ಮೈಕಿಗೆ ಹೊಡೆದು ಸ್ಪೀಕರಿನಲ್ಲಿ ‘ಧಬ್’ ಅನ್ನುತ್ತದೆ. ಸ್ವಲ್ಪ ಓರೆ ಮಾಡಿ, ಕೆನ್ನೆಯ ಕಡೆಯಿಂದ ಹಿಡಿಯಿರಿ. ‘ಬೊಂಬೆ ಹೇಳುತೈತೆ’ ಹಾಡುವ ಹತ್ತು ಜನರಲ್ಲಿ ಒಂಬತ್ತು ಜನ ಮೊದಲ ಅಕ್ಷರದಲ್ಲೇ ಸ್ಪೀಕರ್ ಒದೆಯುತ್ತಾರೆ.

ಇನ್ನೊಂದು ಮಾತು. ಚೀಟಿಯಲ್ಲಿ ‘ನ’ ಬಂತು ಅಂತ ‘ನಾದಮಯ’ಕ್ಕೆ ಕೈ ಹಾಕಬೇಡಿ. ‘ಜೀವನ ಚೈತ್ರ’ದ ಆ ಹಾಡಿಗೆ ರಾಜಕುಮಾರ್ ಅವರಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ತೋಡಿ ರಾಗ ಅದು. ಬಿಸಿಬೇಳೆಬಾತ್ ತಿಂದ ಹೊಟ್ಟೆಗೆ ಆಗಲ್ಲ.

ಹಳೇಹಾಡು_ಮಾತ್ರ
ನನ್ನ ಭಾವಮೈದ ಹಾಡಿದ್ದಾನೆ. ಎರಡನೇ ಚರಣಕ್ಕೆ ಹೋಗಲಿಲ್ಲ. ನಾವೂ ಕೇಳಲಿಲ್ಲ.

ಪದಪಂಜರ
ಯಾವ ಚೀಟಿ ಸುಲಭ, ಯಾವುದು ಕಷ್ಟ ಅನ್ನೋದಕ್ಕೆ ಭಾಷೆಯ ಚರಿತ್ರೆಯಲ್ಲೇ ಉತ್ತರ ಇದೆ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪ ಆಮೇಲೆ ಹ ಆಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಅದಕ್ಕೇ ಹ ಚೀಟಿ ಬಂದವರಿಗೆ ಹೂವು, ಹಾಲು, ಹಕ್ಕಿ, ಹುಡುಗಿ ಎಲ್ಲ ಸಿಗುತ್ತವೆ. ಪ ಬಂದವರಿಗೆ ಉಳಿದದ್ದು ಹೆಚ್ಚಾಗಿ ಸಂಸ್ಕೃತದಿಂದ ಬಂದ ಪ್ರೀತಿ, ಪ್ರೇಮ, ಪಲ್ಲವಿ. ಹಾಗೇ ಹಳೆಯ ವ ನಮ್ಮಲ್ಲಿ ಬ ಆಯಿತು. ತಮಿಳರು ‘ವಾ’ ಅಂದರೆ ನಾವು ‘ಬಾ’. ಆದ್ದರಿಂದ ಬ ಶ್ರೀಮಂತ, ವ ಬಡವ. ವಸಂತ, ವೀಣೆ, ವಿರಹ ಇಲ್ಲದಿದ್ದರೆ ವ ಚೀಟಿಯವರು ಉಪವಾಸ.

ಮಹಾಪ್ರಾಣಗಳೂ ಅಷ್ಟೇ. ಅಚ್ಚಗನ್ನಡ ಪದಗಳಲ್ಲಿ ಅವು ಇಲ್ಲವೇ ಇಲ್ಲ ಅನ್ನಬಹುದು. ಖ, ಘ, ಛ, ಝ, ಠ, ಢ ಬಂದವರಿಗೆ ನನ್ನ ಸಂತಾಪ.

ಮೂರನೇ_ಮಹಡಿ
ಅಯ್ಯೋ, ಹಾಗಾದ್ರೆ ಮಹಾಪ್ರಾಣದ ಚೀಟಿಗಳನ್ನೂ ತೆಗೀಬೇಕಾ?

ಧಾರವಾಡ_ಫೇಡೆ
ಘ ತೆಗೀಬ್ಯಾಡ್ರೀ! ನಮ್ಮ ಬೇಂದ್ರೆ ಅಜ್ಜ ‘ಘಮ ಘಮಾಡಿಸ್ತಾವ ಮಲ್ಲಿಗಿ’ ಬರೆದಿಟ್ಟು ಹೋಗ್ಯಾರ. ಅದನ್ನ ಹಾಡೋ ಅವಕಾಶ ತಪ್ಪಿಸಿದ್ರೆ ಧಾರವಾಡದವರು ಸುಮ್ನಿರಂಗಿಲ್ಲ.

ಬಾತ್‌ರೂಮ್_ಭೀಮಸೇನ
ಭ ಕೂಡ ಇರಲಿ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಇಲ್ಲದ ಕಾರ್ಯಕ್ರಮ ಇದೆಯಾ ಕರ್ನಾಟಕದಲ್ಲಿ? ಖ ಅಂದರೆ ‘ಖುಷಿಯಾಗಿದೆ ಏಕೋ ನಿನ್ನಿಂದಲೇ’. ಧ ಅಂದರೆ ‘ಧರಣಿ ಮಂಡಲ ಮಧ್ಯದೊಳಗೆ’.

ತಾಳತಪ್ಪಿದವ
ದಯವಿಟ್ಟು ಬೇಡ. ನಮ್ಮ ಬಡಾವಣೆಯಲ್ಲಿ ಒಬ್ಬರು ಗೋವಿನ ಹಾಡು ಎತ್ತಿಕೊಂಡು ಪೂರ್ತಿ ಹಾಡಿದರು. ಕರೋಕೆ ಟ್ರ್ಯಾಕ್ ಐದು ನಿಮಿಷಕ್ಕೆ ಮುಗಿಯಿತು, ಅವರು ಮುಗಿಸಲಿಲ್ಲ. ಹುಲಿ ಹಾರಿ ಪ್ರಾಣ ಬಿಡುವ ಹೊತ್ತಿಗೆ ಮಕ್ಕಳು ಅಳುತ್ತಿದ್ದವು, ದೊಡ್ಡವರು ಗಡಿಯಾರ ನೋಡುತ್ತಿದ್ದರು.

ಬಾತ್‌ರೂಮ್_ಭೀಮಸೇನ
ಅಳು ಬರಿಸಿದರು ಅಂದರೆ ಗೆದ್ದರು ಅಂತಲೇ ಅರ್ಥ.

ಒಸಾಕಾದ_ಒಗ್ಗರಣೆ
ಕೆಲಸದ ಮೇಲೆ ಜಪಾನಿನಲ್ಲಿದ್ದೇನೆ, ಕರೋಕೆಯ ತವರು. ಹೇಳಲೇಬೇಕಾದ ವಿಷಯ ಇದೆ, ಸ್ವಲ್ಪ ಉದ್ದ ಆಗುತ್ತದೆ.

‘ಕರೋಕೆ’ ಅಂದರೆ ಖಾಲಿ ವಾದ್ಯವೃಂದ. ‘ಕರ’ ಅಂದರೆ ಖಾಲಿ, ‘ಓಕೆ’ ಅನ್ನುವುದು ಆರ್ಕೆಸ್ಟ್ರಾದ ಚೂರು. ಕೋಬೆ ಊರಿನ ದೈಸುಕೆ ಇನೋವೆ ಅನ್ನುವವರು ಬಾರುಗಳಲ್ಲಿ ಹಾಡುವವರಿಗೆ ವಾದ್ಯ ನುಡಿಸುತ್ತಿದ್ದರು. ಗಿರಾಕಿಯೊಬ್ಬರು ಪ್ರವಾಸಕ್ಕೆ ಕರೆದಾಗ ಹೋಗಲು ಆಗದೆ, ನುಡಿಸಿ ರೆಕಾರ್ಡ್ ಮಾಡಿದ ಟೇಪ್ ಕೊಟ್ಟು ಕಳಿಸಿದರು. ಅಲ್ಲಿಂದ ಯೋಚನೆ ಹುಟ್ಟಿತು. 1971ರಲ್ಲಿ ನಾಣ್ಯ ಹಾಕಿದರೆ ಹಾಡಿನ ಸಂಗೀತ ಬರುವ ಹನ್ನೊಂದು ಯಂತ್ರ ಮಾಡಿಸಿ ಬಾಡಿಗೆಗೆ ಬಿಟ್ಟರು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಪ್ರಪಂಚವೆಲ್ಲ ದುಡ್ಡು ಮಾಡಿಕೊಂಡಿತು. ಇವರಿಗೆ 2004ರಲ್ಲಿ ಇಗ್ ನೊಬೆಲ್ (ನೊಬೆಲ್‌ನ ತಮಾಷೆಯ ಅಣಕು) ಶಾಂತಿ ಬಹುಮಾನ ಬಂತು, ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದನ್ನು ಕಲಿಸಿದ್ದಕ್ಕೆ. ‘ಅನಿಸುತಿದೆ’ ನಾಲ್ಕು ಸಲ ಕೇಳಿದ ನಿಮಗೆ ಇದು ಅರ್ಥವಾಗುತ್ತದೆ.

ಈಗ ಅಕ್ಷರಕ್ಕೆ ಬರುತ್ತೇನೆ. ಇಲ್ಲಿ ಮೊದಲೆಲ್ಲ ಕರೋಕೆ ಕೋಣೆಯಲ್ಲಿ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಹಾಡಿನ ಪುಸ್ತಕ ಇಡುತ್ತಿದ್ದರು. ಅದರ ಸಾಲು ಹೇಗೆ ಗೊತ್ತಾ? ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಕೇಳಿದ ಹಾಗೆ ಅನಿಸುತ್ತಾ? ನಮ್ಮ ವರ್ಣಮಾಲೆಯ ಕ್ರಮವೇ. ಬೌದ್ಧ ಸನ್ಯಾಸಿಗಳು ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯ ಜೊತೆ ಸಂಸ್ಕೃತದ ಅಕ್ಷರಕ್ರಮವನ್ನೂ ಇಲ್ಲಿಗೆ ತಂದರು. ನ ಆದಮೇಲೆ ಪ ವರ್ಗ ಬರಬೇಕಲ್ಲ, ಇವರಲ್ಲಿ ಯಾಕೆ ಹ ಇದೆ? ಇವರ ಹ ಕೂಡ ಹಿಂದೆ ಪ ಆಗಿತ್ತು! ಪದಪಂಜರ ಅವರು ಹೇಳಿದ ಪಾಲು-ಹಾಲು ಕತೆ ಇಲ್ಲೂ ನಡೆದಿದೆ.

ಪದಪಂಜರ
ಇದು ನನಗೆ ಗೊತ್ತಿರಲಿಲ್ಲ. ಇವತ್ತಿನ ಊಟ ಅರಗಿತು.

ಒಸಾಕಾದ_ಒಗ್ಗರಣೆ
ಇನ್ನೂ ಇದೆ. ಇವರಲ್ಲಿ ‘ಶಿರಿತೊರಿ’ ಅಂತ ಅಂತ್ಯಾಕ್ಷರಿ ತರಹದ ಆಟ ಇದೆ, ಹಾಡಿನದಲ್ಲ, ಪದಗಳದ್ದು. ಕೊನೆಗೆ ‘ನ್’ ಬರುವ ಪದ ಹೇಳಿದವರು ಔಟ್. ಯಾಕಂದರೆ ‘ನ್’ ಅಕ್ಷರದಿಂದ ಪದ ಶುರುವಾಗಲ್ಲ. ನಮ್ಮ ಳ, ಣ ಕತೆಯೇ.

ಮಂಡ್ಯದ್_ಗಂಡು
ನಮ್ಮ ಶಾಲೆ ಬಸ್ಸಿನ ಅಂತ್ಯಾಕ್ಷರಿಯಲ್ಲಿ ಳ ಬಂದರೆ ಲ, ಣ ಬಂದರೆ ನ. ಅಷ್ಟೇ. ಜಪಾನಿನವರಿಗೆ ಈ ಅಡ್ಜಸ್ಟ್‌ಮೆಂಟ್ ಗೊತ್ತಿಲ್ಲ ಅಂತ ಕಾಣುತ್ತೆ.

ಧಾರವಾಡ_ಫೇಡೆ
ಲ ಕೊಟ್ರೂ ಏನ್ ಉಪಯೋಗ? ಲ ಹಾಡೂ ಕಡಿಮೆ. ‘ಲೈಫು ಇಷ್ಟೇನೆ’ ಅಂತ ಹಾಡಿ ಕೂಡಬೇಕು.

ಕಡಲತಡಿ
ಎಲ್ಲರೂ ಒಂದು ವಿಷಯ ಮರೆತಿದ್ದೀರಿ ಮಾರಾಯ್ರೆ. ನ ಚೀಟಿ ಬಂದವನಿಗೆ ಲಾಟರಿ. ನೀನು, ನಿನ್ನ, ನನ್ನ, ನಾನು ಇಲ್ಲದೆ ಪ್ರೇಮಗೀತೆ ಉಂಟಾ? ‘ನಿನ್ನಿಂದಲೇ’, ‘ನೀ ಅಮೃತಧಾರೆ’, ‘ನಗುವ ನಯನ’, ‘ನಾನಿರುವುದೆ ನಿಮಗಾಗಿ’, ‘ನೀರಿನಲ್ಲಿ ಅಲೆಯ ಉಂಗುರ’. ನಿಂತಲ್ಲೇ ಐದು ಹೇಳಿದೆ. ನ ಬಂದವನಿಗೂ ರ ಬಂದವನಿಗೂ ಒಂದೇ ಅಂಕ ಕೊಟ್ಟರೆ ಅದು ಮೋಸ. ಪದ ಜೋಡಿಸುವ ಆಟದಲ್ಲಿ ಅಪರೂಪದ ಅಕ್ಷರಕ್ಕೆ ಜಾಸ್ತಿ ಅಂಕ ಇರುತ್ತದಲ್ಲ, ಹಾಗೆ ಮಾಡಿ. ನ, ಹ, ಬ, ಕ, ಮಕ್ಕೆ ಒಂದು ಅಂಕ. ವ, ಪ, ಲ, ರಕ್ಕೆ ಮೂರು. ಮಹಾಪ್ರಾಣಕ್ಕೆ ಐದು.

ತಾಳತಪ್ಪಿದವ
ರ ಯಾಕೆ ಕಷ್ಟ? ‘ರವಿವರ್ಮನ ಕುಂಚದ ಕಲೆ’. ರಾಜಕುಮಾರ್ ಚಿತ್ರದ್ದು, ಎವರ್‌ಗ್ರೀನ್.

ಹಳೇಹಾಡು_ಮಾತ್ರ
ರಾಜಕುಮಾರ್ ಅಲ್ಲ! ‘ಸೊಸೆ ತಂದ ಸೌಭಾಗ್ಯ’, 1977, ವಿಷ್ಣುವರ್ಧನ್. ದನಿ ಪಿ.ಬಿ. ಶ್ರೀನಿವಾಸ್ ಅವರದು, ಅದಕ್ಕೇ ನಿಮಗೆ ರಾಜಕುಮಾರ್ ಅನಿಸಿದ್ದು. ಇದೇ ತರಹ ‘ಒಲವಿನ ಉಡುಗೊರೆ ಕೊಡಲೇನು’ ಎಸ್‌ಪಿಬಿ ಹಾಡಿದ್ದು ಅಂತ ಎಲ್ಲ ಕರೋಕೆಯಲ್ಲೂ ಘೋಷಣೆ ಮಾಡುತ್ತಾರೆ. ಅದು ಪಿ. ಜಯಚಂದ್ರನ್. ನನಗೆ ಬಿಪಿ ಏರುತ್ತದೆ.

ತಾಳತಪ್ಪಿದವ
ತಪ್ಪಾಯ್ತು ಗುರುಗಳೇ. ಮಾತ್ರೆ ತಗೊಳ್ಳಿ.

ಹೊಸಹಾಡು_ಬೇಕು
ಇಲ್ಲಿ ಯಾರೂ ‘ರಾ ರಾ ರಕ್ಕಮ್ಮ’ ಅಂತ ಹೇಳಲೇ ಇಲ್ಲ. ರ ಒಂದಲ್ಲ, ಮೂರು ಇದೆ. ನೀವೆಲ್ಲ ಯಾವ ಕಾಲದಲ್ಲಿದ್ದೀರಿ?

ಹಳೇಹಾಡು_ಮಾತ್ರ
ಒಳ್ಳೆಯ ಕಾಲದಲ್ಲಿ.

ಹೊಸಹಾಡು_ಬೇಕು
ಸರಿ, ಇದಕ್ಕೆ ಉತ್ತರ ಹೇಳಿ. ‘ಇಫ್ ಯು ಕಮ್ ಟುಡೇ’ ಇ ಚೀಟಿಗೆ ನಡೆಯುತ್ತಾ? ‘ಆಪರೇಷನ್ ಡೈಮಂಡ್ ರಾಕೆಟ್’, 1978, ರಾಜಕುಮಾರ್ ಅವರೇ ಹಾಡಿದ್ದು. ಪದ ಇಂಗ್ಲಿಷ್, ಚಿತ್ರ ಕನ್ನಡ, ದನಿ ಅಣ್ಣಾವ್ರದ್ದು. ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡಬಹುದಾ, ಬಾರದಾ?

ಹಳೇಹಾಡು_ಮಾತ್ರ
...ಇದು ಅನ್ಯಾಯದ ಪ್ರಶ್ನೆ.

ಮಂಡ್ಯದ್_ಗಂಡು
ಅಣ್ಣಾವ್ರು ಹಾಡಿದ್ರೆ ಅದು ಕನ್ನಡವೇ. ಮುಂದಿನ ಪ್ರಶ್ನೆ.

ಸ್ವರ_ಸವಾರಿ
ಚೀಟಿಯ ಆಟದಲ್ಲಿ ಇನ್ನೊಂದು ತೊಂದರೆ ಇದೆ. ಅಕ್ಷರಕ್ಕೆ ಹೊಂದುವ ಹಾಡು ಸಿಕ್ಕಿತು ಅಂತ ಹೆಣ್ಣುಮಕ್ಕಳು ಗಂಡು ದನಿಯ ಟ್ರ್ಯಾಕನ್ನು ಹಾಗೇ ಹಾಕಿಬಿಡುತ್ತಾರೆ. ಕೆಳಗಿನ ಸ್ವರ ಕೇಳುವುದೇ ಇಲ್ಲ. ಆಪ್‌ನಲ್ಲಿ ಶ್ರುತಿ ಬದಲಿಸುವ ಗುಂಡಿ ಇರುತ್ತದೆ, ನಾಲ್ಕೈದು ಮನೆ ಮೇಲಕ್ಕೋ ಕೆಳಕ್ಕೋ ಸರಿಸಿ ನೋಡಿ. ಜಾಸ್ತಿ ಸರಿಸಿದರೆ ಕೊಳಲು ಪೀಪಿ ಆಗುತ್ತದೆ. ಚೀಟಿ ಎತ್ತಿದ ಮೇಲೆ ಎಲ್ಲರಿಗೂ ಹತ್ತು ನಿಮಿಷ ಕೊಡಿ. ಹಾಡು ಹುಡುಕಲಿಕ್ಕೆ ಎರಡು ನಿಮಿಷ, ಶ್ರುತಿ ಹುಡುಕಲಿಕ್ಕೆ ಎಂಟು.

ಕಡಲತಡಿ
ಒತ್ತಕ್ಷರದ ನಿಯಮವನ್ನೂ ಈಗಲೇ ಬರೆದಿಡಿ, ಆಮೇಲೆ ಜಗಳ ಬೇಡ. ‘ಪ್ರೀತೀನೇ ಆ ದ್ಯಾವ್ರು ತಂದ’ ಪ ಕೆಳಗೆ. ‘ಶ್ರಾವಣ ಬಂತು’ ಶ ಕೆಳಗೆ. ಕ್ಷ ಬಂದರೆ ಕ ಕೆಳಗೆ.

ಧಾರವಾಡ_ಫೇಡೆ
ಕ್ಷ ಬ್ಯಾರೆ ಅಕ್ಷರ ಅಲ್ಲೇನ್ರೀ? ನಮ್ಮ ಮಾಸ್ತರ್ರು ಳ ಆದಮೇಲೆ ಕ್ಷ, ಜ್ಞ ಹೇಳಿಸ್ತಿದ್ರು.

ಪದಪಂಜರ
ಹೇಳಿಸುತ್ತಿದ್ದರು, ಆದರೆ ಅವು ಸಂಯುಕ್ತಾಕ್ಷರಗಳು. ನಿಘಂಟಿನಲ್ಲಿ ಕ್ಷವನ್ನು ಕ ಕೆಳಗೆ, ಜ್ಞವನ್ನು ಜ ಕೆಳಗೆ ಹುಡುಕಬೇಕು. 49ರ ಲೆಕ್ಕದಲ್ಲಿ ಅವು ಇಲ್ಲ. ಹಾಗೆ ಹಳೆಯದನ್ನೆಲ್ಲ ಸೇರಿಸುವುದಾದರೆ ಱ, ೞ ಚೀಟಿಯನ್ನೂ ಹಾಕಿ, ಪಂಪನನ್ನು ಕರೆಸಿ.

ಮೂರನೇ_ಮಹಡಿ
ಎಲ್ಲರಿಗೂ ಧನ್ಯವಾದ. ತೀರ್ಮಾನ ಹೀಗೆ: ಙ, ಞ, ಣ, ಳ, ಷ, ಠ, ಢ, ಛ, ಫ, ಋ, ಔ ಔಟ್. ಅಂ ಇರುತ್ತೆ, ‘ಅಂದವೋ ಅಂದವು ಕನ್ನಡ ನಾಡು’ ಇದೆಯಲ್ಲ. ಅಃ ಇಲ್ಲ. ಹಾಡಿನ ಹೆಸರೋ ಮೊದಲ ಸಾಲೋ ಯಾವುದಾದರೂ ನಡೆಯುತ್ತೆ. ಕಡಲತಡಿಯವರ ಅಂಕಪದ್ಧತಿ ಪಾಸ್. ನಾಡಗೀತೆ ಎಲ್ಲರೂ ನಿಂತು ಮೊದಲೇ ಹಾಡುತ್ತೇವೆ, ಜ ಬಂತು ಅಂತ ಅದನ್ನು ಸ್ಪರ್ಧೆಗೆ ಎತ್ತುವಂತಿಲ್ಲ. ಝ ಒಂದೇ ಉಳಿದಿದೆ. ಯಾರಿಗಾದರೂ ಹೊಳೆಯುತ್ತಾ?

ತಾಳತಪ್ಪಿದವ
ಝ... ಝ... ಇಲ್ಲ. ತಲೆ ಕೆಟ್ಟಿತು. ಔಷಧಿ ಅಂಗಡಿಯಲ್ಲಿ ನಿಂತುಕೊಂಡೂ ಅದನ್ನೇ ಯೋಚಿಸುತ್ತಿದ್ದೇನೆ.

ಮೂರನೇ_ಮಹಡಿ
ನವೆಂಬರ್ 2. ವರದಿ ಒಪ್ಪಿಸುತ್ತಿದ್ದೇನೆ, ಗಂಟಲು ಕೂತಿದೆ.

ಜೋಗದ ಆಂಟಿ ಬಂದರು! ಪತ್ರ ಕೊಟ್ಟಿದ್ದೆವು, ಸೀಲ್ ಹಾಕಿ. ಈ ಸಲ ಅವರಿಗೆ ಬಂದದ್ದು ದ. ‘ದೋಣಿ ಸಾಗಲಿ’ ಹಾಡಿದರು, ಚೆನ್ನಾಗಿತ್ತು. ಕೂರುವಾಗ ತೀರ್ಪುಗಾರರ ಕಡೆ ತಿರುಗಿ ‘ಇದು ಯಾವ ಅಕ್ಷರದ ಕೆಳಗೆ ಬರುತ್ತೆ?’ ಅಂತ ಕೇಳಿದರು. ಅವರು ತಲೆ ಎತ್ತಲಿಲ್ಲ.

ನ ಬಂದ ಹುಡುಗ, ಹೇಳಿದರೂ ಕೇಳದೆ ‘ನಾದಮಯ’ಕ್ಕೇ ಹೋದ. ಅದರ ಬಗ್ಗೆ ಮಾತು ಬೇಡ.

ಒಂದು ಎಡವಟ್ಟು ನನ್ನಿಂದಲೇ ಆಯಿತು. ಳ ಚೀಟಿ ಡಬ್ಬದ ತಳಕ್ಕೆ ಅಂಟಿಕೊಂಡು ಅಲ್ಲೇ ಉಳಿದಿತ್ತು. ಅದು ಬಂದದ್ದು ಸೆಕ್ಯುರಿಟಿ ಅಣ್ಣನಿಗೆ, ರಾಯಚೂರು ಕಡೆಯವರು. ವಾಪಸ್ ಕೊಡಿ, ಬೇರೆ ಎತ್ತಿ ಅಂದೆವು. ‘ಇರ್ಲಿ ಬಿಡ್ರಿ ಸರ’ ಅಂದು ಟ್ರ್ಯಾಕ್ ಇಲ್ಲದೆ, ಮೈಕೂ ಇಲ್ಲದೆ ಒಂದು ತತ್ವಪದ ಎತ್ತಿಕೊಂಡರು. ಅದರಲ್ಲಿ ಳ ಇತ್ತೋ ಇಲ್ಲವೋ ಯಾರೂ ಗಮನಿಸಲಿಲ್ಲ. ಅಂಕ ಎಷ್ಟು ಕೊಡಬೇಕು ಅಂತ ಸಮಿತಿಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ.

ಕಡಲತಡಿ
ಐದಕ್ಕಿಂತ ಜಾಸ್ತಿ ಕೊಡಿ ಮಾರಾಯ್ರೆ, ಅದರಲ್ಲಿ ಚರ್ಚೆ ಏನು.

ಧಾರವಾಡ_ಫೇಡೆ
ವಿಡಿಯೋ ಹಾಕ್ರೀ.

ಮೂರನೇ_ಮಹಡಿ
ಅದೇ ಬೇಜಾರು. ಎಲ್ಲರೂ ಕೇಳ್ತಾ ಕೂತುಬಿಟ್ಟೆವು, ಯಾರೂ ತೆಗೆದಿಲ್ಲ.

ಹೊಸಹಾಡು_ಬೇಕು
ರಕ್ಕಮ್ಮ ಯಾರಾದರೂ ಹಾಡಿದರಾ?

ಮೂರನೇ_ಮಹಡಿ
ಹಾಡಿದರು. ರ ಬಂದ ಎಪ್ಪತ್ತೆರಡು ವರ್ಷದ ಅಜ್ಜ. ಮೂರು ಅಂಕ.

ತಾಳತಪ್ಪಿದವ
ಝ ಏನಾಯ್ತು??

ಮೂರನೇ_ಮಹಡಿ
ಯಾರಿಗೂ ಬರಲಿಲ್ಲ. ಡಬ್ಬದಲ್ಲೇ ಇದೆ.

ಬಾತ್‌ರೂಮ್_ಭೀಮಸೇನ
ಸ್ಪೀಕರ್ ಮತ್ತು ಎರಡು ಮೈಕಿಗೆ ಬಾಡಿಗೆ ಎಷ್ಟು ಕೊಟ್ಟಿರಿ? ನಮ್ಮಲ್ಲಿ ಡಿಸೆಂಬರಿಗೆ ಮಾಡಬೇಕು ಅಂತಿದ್ದೇವೆ.